ಕಾಲರಾದ ವಿಷವನ್ನು ಹಿಡಿದವರು: ಡಾ. ಶಂಭುನಾಥ್ ಡೇ



ದ್ವಿತೀಯ ಪಿಯುಸಿ ಜೀವಶಾಸ್ತ್ರದಲ್ಲಿ ಮಾನವನ ಆರೋಗ್ಯ ಮತ್ತು ರೋಗಗಳ ಅಧ್ಯಾಯ ಬಂದಾಗ ನೀವೆಲ್ಲ ನೋಟ್‌ಬುಕ್ಕಿನಲ್ಲಿ ಮೂರು ಕಾಲಂ ಎಳೆಯುತ್ತೀರಿ: ರೋಗ, ರೋಗಾಣು, ಪರೀಕ್ಷೆ. ಟೈಫಾಯ್ಡ್, ಸಾಲ್ಮೊನೆಲ್ಲಾ ಟೈಫಿ, ವಿಡಾಲ್ ಪರೀಕ್ಷೆ. ಅಂಕಕ್ಕೆ ಇಷ್ಟು ಸಾಕು. ಆದರೆ ಈ ಪಾಠ ನಡೆಯುತ್ತಿದ್ದಾಗ ಒಬ್ಬ ವಿದ್ಯಾರ್ಥಿನಿ ಎದ್ದು, "ಸರ್, ರೋಗಾಣು ಯಾವುದು ಅಂತ ಗೊತ್ತಾದ ಮೇಲೆ ಕೆಲಸ ಮುಗೀತಲ್ವಾ? ಆಮೇಲೆ ಸಂಶೋಧಕರು ಏನು ಮಾಡ್ತಾರೆ?" ಎಂದು ಕೇಳಿದಳು. ಗಂಟೆ ಹೊಡೆದಿದ್ದರಿಂದ ಅವತ್ತು ಸರಿಯಾಗಿ ಉತ್ತರಿಸಲು ಆಗಲಿಲ್ಲ. ಈ ಲೇಖನವೇ ಆ ಉತ್ತರ.

ಕಾಲರಾವನ್ನೇ ತೆಗೆದುಕೊಳ್ಳೋಣ. ಇಟಲಿಯ ಫಿಲಿಪ್ಪೊ ಪಾಚಿನಿ 1854ರಲ್ಲೇ ಈ ರೋಗಾಣುವನ್ನು ಸೂಕ್ಷ್ಮದರ್ಶಕದಲ್ಲಿ ಕಂಡಿದ್ದರು, ಆದರೆ ಯಾರೂ ಅದನ್ನು ಗಮನಿಸಲಿಲ್ಲ. ಮೂವತ್ತು ವರ್ಷಗಳ ನಂತರ, 1884ರಲ್ಲಿ, ಜರ್ಮನಿಯ ರಾಬರ್ಟ್ ಕಾಖ್ ಕಲ್ಕತ್ತೆಗೆ ಬಂದು ರೋಗಿಗಳ ಕರುಳಿನಿಂದ ಅಲ್ಪವಿರಾಮ ಚಿಹ್ನೆಯಂತೆ ಬಾಗಿದ ಬ್ಯಾಕ್ಟೀರಿಯಾವನ್ನು ಬೇರ್ಪಡಿಸಿದರು. ಅದೇ ವಿಬ್ರಿಯೊ ಕಾಲರೆ. ನಿಮ್ಮ ಎರಡನೇ ಕಾಲಂ ಅಲ್ಲಿಗೆ ಭರ್ತಿಯಾಯಿತು. ಆದರೆ ಆ ಬ್ಯಾಕ್ಟೀರಿಯಾ ಮನುಷ್ಯನನ್ನು ಹೇಗೆ ಕೊಲ್ಲುತ್ತದೆ ಎಂಬುದು ತಿಳಿಯಲು ಇನ್ನೂ 75 ವರ್ಷ ಬೇಕಾಯಿತು. ಅದನ್ನು ತೋರಿಸಿದವರೂ ಕಲ್ಕತ್ತೆಯಲ್ಲೇ ಇದ್ದವರು. ಅವರ ಹೆಸರು ನಮ್ಮ ಪಠ್ಯಪುಸ್ತಕದಲ್ಲಿಲ್ಲ.

ಶಂಭುನಾಥ್ ಡೇ ಹುಟ್ಟಿದ್ದು 1915ರ ಫೆಬ್ರವರಿ 1ರಂದು, ಬಂಗಾಳದ ಹೂಗ್ಲಿ ಜಿಲ್ಲೆಯ ಗರಿಬಾಟಿ ಎಂಬ ಊರಿನಲ್ಲಿ. ತಂದೆಯದು ಸಣ್ಣ ವ್ಯಾಪಾರ, ಮನೆಯಲ್ಲಿ ಅನುಕೂಲವಿರಲಿಲ್ಲ. ಚೆನ್ನಾಗಿ ಓದಿ ಪಡೆದ ವಿದ್ಯಾರ್ಥಿವೇತನದ ಬಲದಿಂದ ಅವರು ಹೂಗ್ಲಿಯ ಕಾಲೇಜು ಸೇರಿದರು. ಇಂದಿಗೂ ಅದು ಹೂಗ್ಲಿ ಮೊಹ್ಸಿನ್ ಕಾಲೇಜು ಎಂಬ ಹೆಸರಿನಲ್ಲಿ ನಡೆಯುತ್ತಿದೆ. ಈ ಮೊಹ್ಸಿನ್ ಯಾರೆಂದು ಹೇಳದೆ ಮುಂದೆ ಹೋಗಲು ನನಗೆ ಮನಸ್ಸಿಲ್ಲ. ಹಾಜಿ ಮುಹಮ್ಮದ್ ಮೊಹ್ಸಿನ್ 1806ರಲ್ಲಿ ತಮ್ಮ ಆಸ್ತಿಯನ್ನು ವಕ್ಫ್ ಮಾಡಿ, 1812ರಲ್ಲಿ ತೀರಿಕೊಂಡರು. ಆ ನಿಧಿಯ ಹಣದಿಂದ 1836ರಲ್ಲಿ ಈ ಕಾಲೇಜು ಆರಂಭವಾಯಿತು. ಬಂಕಿಮಚಂದ್ರ ಚಟ್ಟೋಪಾಧ್ಯಾಯರು ಓದಿದ್ದು ಇಲ್ಲಿಯೇ. ಆ ಕಾಲದ ಇಂಟರ್‌ಮೀಡಿಯೆಟ್ ಎಂದರೆ ಹೆಚ್ಚುಕಡಿಮೆ ನಮ್ಮ ಪಿಯುಸಿ. ಅಂದರೆ ಶಂಭುನಾಥ್ ಡೇ ನಿಮ್ಮ ವಯಸ್ಸಿನಲ್ಲಿ, ನೀವು ಓದುತ್ತಿರುವ ಹಂತದ ಪಾಠವನ್ನು, ಒಬ್ಬ ದಾನಿಯ ವಕ್ಫ್‌ನಿಂದ ಎದ್ದುನಿಂತ ಕಾಲೇಜಿನಲ್ಲಿ ಓದಿದವರು.

ಅಲ್ಲಿಂದ ಕಲ್ಕತ್ತಾ ಮೆಡಿಕಲ್ ಕಾಲೇಜು. ಪಟ್ಟಣದಲ್ಲಿ ಉಳಿದುಕೊಳ್ಳಲು ಒಬ್ಬ ವ್ಯಾಪಾರಿ ತಮ್ಮ ಮನೆಯಲ್ಲಿ ಜಾಗ ಕೊಟ್ಟರು. 1939ರಲ್ಲಿ ವೈದ್ಯ ಪದವಿ, 1942ರಲ್ಲಿ ಉಷ್ಣವಲಯದ ರೋಗಗಳಲ್ಲಿ ಡಿಪ್ಲೊಮಾ. ಖಾಸಗಿಯಾಗಿ ರೋಗಿಗಳನ್ನು ನೋಡಿಕೊಂಡು ಇರಬಹುದಿತ್ತು. ಅವರು ರೋಗಶಾಸ್ತ್ರ ವಿಭಾಗದಲ್ಲಿ ಪಾಠ ಹೇಳುವ ಕೆಲಸಕ್ಕೆ ಸೇರಿದರು. 1947ರಲ್ಲಿ ಲಂಡನ್ನಿಗೆ ಹೋಗಿ ಯೂನಿವರ್ಸಿಟಿ ಕಾಲೇಜಿನಲ್ಲಿ ರಾಯ್ ಕ್ಯಾಮರಾನ್ ಅವರ ಕೈಕೆಳಗೆ ಸಂಶೋಧನೆ ಮಾಡಿ, 1949ರಲ್ಲಿ ಪಿಎಚ್.ಡಿ. ಪಡೆದು ವಾಪಸಾದರು. ಅಲ್ಲಿ ಮಾಡಿದ ಕೆಲಸಕ್ಕೂ ಕಾಲರಾಕ್ಕೂ ಸಂಬಂಧವಿರಲಿಲ್ಲ. ಆದರೆ ಊರಿಗೆ ಮರಳಿದಾಗ ಕಣ್ಣ ಮುಂದೆ ಇದ್ದದ್ದು ಕಾಲರಾ. ಆಸ್ಪತ್ರೆಯ ವಾರ್ಡುಗಳು ತುಂಬಿದ್ದವು.

ಈಗ ಪ್ರಶ್ನೆಗೆ ಬರೋಣ. ಕಾಲರಾ ರೋಗಿಗೆ ಗಂಜಿ ತಿಳಿಯಂತಹ ಭೇದಿ ಶುರುವಾಗುತ್ತದೆ. ತೀವ್ರವಾದಾಗ ಗಂಟೆಗೆ ಒಂದು ಲೀಟರಿನಷ್ಟು ನೀರು ಹೋಗುವುದೂ ಉಂಟು. ರಕ್ತದ ಪ್ರಮಾಣ ಇಳಿದು, ರಕ್ತದೊತ್ತಡ ಕುಸಿದು, ಕೆಲವೇ ಗಂಟೆಗಳಲ್ಲಿ ಸಾವು ಬರಬಹುದು. ಬ್ಯಾಕ್ಟೀರಿಯಾ ಮಾತ್ರ ಕರುಳಿನ ಒಳಗೇ ಇರುತ್ತದೆ, ರಕ್ತಕ್ಕೆ ಸೇರುವುದಿಲ್ಲ. ಹಾಗಾದರೆ ಇಷ್ಟೊಂದು ನೀರು ಹೊರಬರುವುದು ಹೇಗೆ? ಇದಕ್ಕೆ ಒಂದು ವಿಷ ಇರಬೇಕು ಎಂದು ಕಾಖ್ ಆಗಲೇ ಊಹಿಸಿದ್ದರು. ಅನೇಕರು ಆ ವಿಷವನ್ನು ಹುಡುಕಿದರು. ಪ್ರಾಣಿಗಳ ರಕ್ತನಾಳಕ್ಕೆ, ಹೊಟ್ಟೆಯ ಪೊರೆಯೊಳಕ್ಕೆ ಬ್ಯಾಕ್ಟೀರಿಯಾವನ್ನು ಚುಚ್ಚಿದರು. ಪ್ರಾಣಿಗಳು ಸತ್ತವು, ಆದರೆ ಭೇದಿಯಿಂದಲ್ಲ. ಸತ್ತ ಬ್ಯಾಕ್ಟೀರಿಯಾದ ಕೋಶಭಿತ್ತಿಯಿಂದ ಬಿಡುಗಡೆಯಾಗುವ ಒಳವಿಷವೇ, ಅಂದರೆ ಎಂಡೊಟಾಕ್ಸಿನ್ನೇ, ಕಾರಣ ಎಂಬ ತಪ್ಪು ತಿಳಿವಳಿಕೆ ಗಟ್ಟಿಯಾಯಿತು. ಕರುಳಿನ ಒಳಪದರ ಕಿತ್ತುಹೋಗಿ ನೀರು ಸೋರುತ್ತದೆ ಎಂಬ ಇನ್ನೊಂದು ನಂಬಿಕೆಯೂ ಹಳೆಯ ಕಾಲದಿಂದ ಇತ್ತು.

ಡೇ ಅವರ ಯೋಚನೆ ಸರಳ. ರೋಗ ಇರುವುದು ಕರುಳಿನಲ್ಲಿ, ಪರೀಕ್ಷೆಯನ್ನೂ ಕರುಳಿನಲ್ಲೇ ಮಾಡಬೇಕು. ಅರಿವಳಿಕೆ ಕೊಟ್ಟ ಮೊಲದ ಸಣ್ಣ ಕರುಳಿನ ಒಂದು ಸಣ್ಣ ಭಾಗವನ್ನು ಎರಡೂ ತುದಿಯಲ್ಲಿ ದಾರದಿಂದ ಕಟ್ಟಿ, ಅದರೊಳಗೆ ಕಾಲರಾ ಬ್ಯಾಕ್ಟೀರಿಯಾ ಬೆಳೆಸಿದ ದ್ರವವನ್ನು ಸಿರಿಂಜಿನಿಂದ ಹಾಕಿದರು. ಕಟ್ಟಿದ ಇನ್ನೊಂದು ತುಂಡಿಗೆ ಬ್ಯಾಕ್ಟೀರಿಯಾ ಇಲ್ಲದ ದ್ರವ. ನಿಮ್ಮ ಪ್ರಾಯೋಗಿಕ ಪುಸ್ತಕದಲ್ಲಿ ಬರುವ 'ನಿಯಂತ್ರಣ' ಎಂದರೆ ಇದೇ. ಮರುದಿನ ನೋಡಿದರೆ ಬ್ಯಾಕ್ಟೀರಿಯಾ ಹಾಕಿದ ತುಂಡು ನೀರು ತುಂಬಿದ ಬಲೂನಿನಂತೆ ಉಬ್ಬಿತ್ತು. ಒಳಗಿದ್ದದ್ದು ಗಂಜಿ ತಿಳಿಯಂತಹ ದ್ರವ. ನಿಯಂತ್ರಣದ ತುಂಡು ಹಾಗೇ ಇತ್ತು. ಸಹೋದ್ಯೋಗಿ ಚಟರ್ಜಿ ಅವರೊಂದಿಗೆ ಈ ಪ್ರಯೋಗವನ್ನು ಡೇ 1953ರಲ್ಲಿ ಪ್ರಕಟಿಸಿದರು. (ಇದೇ ಬಗೆಯ ಪ್ರಯೋಗವನ್ನು ವಿಯೋಲ್ ಮತ್ತು ಕ್ರೆಂದಿರೋಪುಲೋ ಎಂಬಿಬ್ಬರು 1915ರಲ್ಲೇ, ಅಂದರೆ ಡೇ ಹುಟ್ಟಿದ ವರ್ಷವೇ, ಮಾಡಿದ್ದರು. ಜಗತ್ತು ಅದನ್ನು ಮರೆತಿತ್ತು. ಇನ್ನೊಂದು ಮಾತು: ಇಂದು ಹೀಗೆ ಪ್ರಾಣಿಗಳ ಮೇಲೆ ಪ್ರಯೋಗ ಮಾಡಲು ನೈತಿಕ ಸಮಿತಿಯ ಅನುಮತಿ ಬೇಕು. ಮನೆಯಲ್ಲಿ ಸಾಕಿದ ಮೊಲದ ಕಡೆ ಯಾರೂ ನೋಡಬೇಡಿ!)

1953ರ ಪ್ರಯೋಗದಲ್ಲಿ ಒಂದು ಸಂದೇಹ ಉಳಿದಿತ್ತು. ಕರುಳಿನೊಳಗೆ ಹೋದದ್ದು ಜೀವಂತ ಬ್ಯಾಕ್ಟೀರಿಯಾ. ನೀರು ತರಿಸಿದ್ದು ಬ್ಯಾಕ್ಟೀರಿಯಾವೋ, ಅದು ಹೊರಬಿಟ್ಟ ವಸ್ತುವೋ? ಇದನ್ನು ಬಿಡಿಸಲು ಡೇ ಬ್ಯಾಕ್ಟೀರಿಯಾ ಬೆಳೆಸಿದ ದ್ರವವನ್ನು ಸೋಸಿ, ಒಂದೂ ಬ್ಯಾಕ್ಟೀರಿಯಾ ಉಳಿಯದಂತೆ ಮಾಡಿ, ಆ ಸೋಸಿದ ದ್ರವವನ್ನು ಮಾತ್ರ ಕರುಳಿನ ತುಂಡಿಗೆ ಹಾಕಿದರು. ಆಗಲೂ ಕರುಳು ಉಬ್ಬಿತು. ಅಂದರೆ ಜೀವಂತ ಬ್ಯಾಕ್ಟೀರಿಯಾ ತಾನೇ ತಯಾರಿಸಿ ಹೊರಗೆ ಬಿಡುವ ವಿಷ ಒಂದಿದೆ. 1959ರ ಮೇ ತಿಂಗಳಲ್ಲಿ 'ನೇಚರ್' ಪತ್ರಿಕೆಯಲ್ಲಿ ಅವರೊಬ್ಬರ ಹೆಸರಿನಲ್ಲಿ ಬಂದ ಒಂದೆರಡು ಪುಟದ ಬರಹದಲ್ಲಿ ಇಷ್ಟೂ ಇದೆ. ಅದೇ ಹೊತ್ತಿಗೆ ಮುಂಬೈಯಲ್ಲಿ ಎನ್.ಕೆ. ದತ್ತಾ ಮತ್ತು ಸಂಗಡಿಗರು ಮೊಲದ ಮರಿಗಳಲ್ಲಿ ಕಾಲರಾದಂತಹ ಭೇದಿ ತರಿಸಿ ತೋರಿಸಿದ್ದರು. ಮರುವರ್ಷ, 1960ರಲ್ಲಿ, ಯುಜೀನ್ ಗಂಗರೋಸಾ ಮತ್ತು ಸಂಗಡಿಗರು ರೋಗಿಗಳ ಕರುಳಿನಿಂದ ತೆಗೆದ ಚೂರುಗಳನ್ನು ಪರೀಕ್ಷಿಸಿ, ಒಳಪದರ ಕಿತ್ತುಹೋಗಿಲ್ಲ, ಹಾಗೇ ಇದೆ ಎಂದು ತೋರಿಸಿದರು.

ಈ ಎರಡು ಮಾತನ್ನು ಜೋಡಿಸಿದರೆ ಏನಾಗುತ್ತದೆ ನೋಡಿ. ಕರುಳಿನ ಕೋಶಗಳು ಸತ್ತಿಲ್ಲ, ವಿಷ ಅವುಗಳಿಂದ ತಪ್ಪು ಕೆಲಸ ಮಾಡಿಸುತ್ತಿದೆ ಅಷ್ಟೆ. ಕೋಶದೊಳಗೆ ಸೈಕ್ಲಿಕ್ ಎಎಂಪಿ ಹೆಚ್ಚಾಗಿ, ಕ್ಲೋರೈಡ್ ಹೊರಕ್ಕೆ ಸುರಿಯುತ್ತದೆ, ಅದರ ಹಿಂದೆಯೇ ನೀರು ಹೋಗುತ್ತದೆ. ಆದರೆ ಗ್ಲೂಕೋಸ್ ಜೊತೆಗೆ ಸೋಡಿಯಂ ಅನ್ನು ಒಳಕ್ಕೆ ಎಳೆದುಕೊಳ್ಳುವ ದಾರಿ ಆ ಕೋಶಗಳಲ್ಲಿ ಇನ್ನೂ ತೆರೆದೇ ಇದೆ. ಉಪ್ಪು ಮತ್ತು ಗ್ಲೂಕೋಸ್ ಸೇರಿಸಿ ಕುಡಿಸಿದರೆ ನೀರೂ ಒಳಗೆ ಬರುತ್ತದೆ. ಇದು ರೋಗಿಗಳಲ್ಲಿ ಕೆಲಸ ಮಾಡುತ್ತದೆ ಎಂದು 1968ರಲ್ಲಿ ಢಾಕಾದ ಕಾಲರಾ ಸಂಶೋಧನಾ ಪ್ರಯೋಗಾಲಯದಲ್ಲಿ ಡೇವಿಡ್ ನಲಿನ್, ರಿಚರ್ಡ್ ಕ್ಯಾಶ್, ರಫೀಕುಲ್ ಇಸ್ಲಾಂ ಮೊದಲಾದವರು ತೋರಿಸಿದರು. 1971ರಲ್ಲಿ ಪೂರ್ವ ಪಾಕಿಸ್ತಾನದಿಂದ ಬಂದ ನಿರಾಶ್ರಿತರ ನಡುವೆ, ಬಂಗಾಳದ ಬನ್‌ಗಾಂವ್‌ನಲ್ಲಿ, ಸಲೈನ್ ಬಾಟಲಿಗಳು ಮುಗಿಯುತ್ತಾ ಬಂದಾಗ ಡಾ. ದಿಲೀಪ್ ಮಹಲನಬೀಸ್ ಉಪ್ಪು, ಅಡುಗೆ ಸೋಡಾ, ಗ್ಲೂಕೋಸ್ ಬೆರೆಸಿದ ನೀರನ್ನು ಡ್ರಮ್ಮುಗಳಲ್ಲಿ ಇಟ್ಟು, ರೋಗಿಗಳ ಮನೆಯವರ ಕೈಯಿಂದಲೇ ಕುಡಿಸಿದರು. ಸಾವಿನ ಪ್ರಮಾಣ ಶೇ. 30ರ ಆಸುಪಾಸಿನಿಂದ ಶೇ. 3.6ಕ್ಕೆ ಇಳಿಯಿತು. ಅವರು 2022ರಲ್ಲಿ ತೀರಿಕೊಂಡರು. 2023ರಲ್ಲಿ ಮರಣೋತ್ತರವಾಗಿ ಪದ್ಮವಿಭೂಷಣ ಬಂತು.

ಡೇ ಅವರಿಗೆ ಅಷ್ಟೂ ಸಿಗಲಿಲ್ಲ. ವಿಷ ಇದೆ ಎಂದು ತೋರಿಸಿದ ಮೇಲೆ ಅದನ್ನು ಶುದ್ಧವಾಗಿ ಬೇರ್ಪಡಿಸಬೇಕಿತ್ತು. ಅದು ಕಲ್ಕತ್ತೆಯಲ್ಲಿ ಆಗಲಿಲ್ಲ. 1969ರಲ್ಲಿ ಅಮೆರಿಕದ ಡಲ್ಲಾಸ್‌ನಲ್ಲಿ ಫಿಂಕೆಲ್‌ಸ್ಟೈನ್ ಮತ್ತು ಲೊಸ್ಪಲ್ಲುಟೊ ಅದನ್ನು ಮಾಡಿದರು. ಭಾರತದ ಯಾವ ವಿಜ್ಞಾನ ಅಕಾಡೆಮಿಯೂ ಡೇ ಅವರನ್ನು ಫೆಲೋ ಆಗಿ ಆರಿಸಲಿಲ್ಲ, ದೊಡ್ಡ ಪ್ರಶಸ್ತಿ ಯಾವುದೂ ಬರಲಿಲ್ಲ. 1973ರಲ್ಲಿ ನಿವೃತ್ತರಾದರು. 1978ರಲ್ಲಿ ನೊಬೆಲ್ ಪ್ರತಿಷ್ಠಾನ ಕಾಲರಾ ಕುರಿತ ವಿಚಾರ ಸಂಕಿರಣಕ್ಕೆ ಅವರನ್ನು ಕರೆಸಿದಾಗ, ತಾವು ಅರವತ್ತರ ದಶಕದ ಆರಂಭದಲ್ಲೇ ಸತ್ತುಹೋಗಿದ್ದವರು, ಈಗ ಗೋರಿಯಿಂದ ಎಬ್ಬಿಸಿದ್ದೀರಿ ಎಂಬರ್ಥದ ಮಾತನ್ನು ಅಲ್ಲಿ ಹೇಳಿದರು. ನೊಬೆಲ್ ವಿಜೇತ ಜೋಶುವಾ ಲೆಡರ್‌ಬರ್ಗ್ ಅವರ ಹೆಸರನ್ನು ನೊಬೆಲ್ ಪ್ರಶಸ್ತಿಗೆ ಸೂಚಿಸಿದ್ದರು, ಫಲಿಸಲಿಲ್ಲ. 1985ರ ಏಪ್ರಿಲ್ 15ರಂದು ಡೇ ನಿಧನರಾದರು. ಐದು ವರ್ಷಗಳ ನಂತರ ನಮ್ಮ ಬೆಂಗಳೂರಿನಿಂದ ಹೊರಡುವ 'ಕರೆಂಟ್ ಸೈನ್ಸ್' ಪತ್ರಿಕೆ ಅವರಿಗಾಗಿ ವಿಶೇಷ ಸಂಚಿಕೆ ತಂದಿತು. ಪ್ರತಿಭೆಗೆ ಬೆಲೆ ಸಿಕ್ಕೇ ಸಿಗುತ್ತದೆ ಎಂದು ನಿಮಗೆ ಸುಳ್ಳು ಹೇಳಲಾರೆ.

ಆದರೆ ಅವರ ಕೆಲಸ ಇವತ್ತಿಗೂ ಪ್ರಯೋಗಾಲಯಗಳಲ್ಲಿ ನಡೆಯುತ್ತಿದೆ. ಕಾಲರಾ ಶಂಕೆಯ ಮಲದ ಮಾದರಿಯನ್ನು ಟಿಸಿಬಿಎಸ್ ಎಂಬ ಮಾಧ್ಯಮದ ಮೇಲೆ ಬೆಳೆಸಿದರೆ ಹಳದಿ ಬಣ್ಣದ ಕಾಲೊನಿಗಳು ಬರುತ್ತವೆ, ಏಕೆಂದರೆ ಈ ಬ್ಯಾಕ್ಟೀರಿಯಾ ಸುಕ್ರೋಸನ್ನು ಹುದುಗಿಸುತ್ತದೆ. ಆದರೆ ಕೆರೆ, ನದಿಯ ನೀರಿನಲ್ಲಿ ಸಿಗುವ ವಿಬ್ರಿಯೊ ಕಾಲರೆಗಳಲ್ಲಿ ಹೆಚ್ಚಿನವು ಈ ವಿಷವನ್ನು ತಯಾರಿಸುವುದಿಲ್ಲ, ಅವು ಕಾಲರಾ ತರುವುದಿಲ್ಲ. ಆದ್ದರಿಂದ ಬ್ಯಾಕ್ಟೀರಿಯಾ ಸಿಕ್ಕಿತು ಎಂದರೆ ಸಾಲದು, ವಿಷದ ಜೀನ್ ಇದೆಯೇ ಎಂದು ಪಿಸಿಆರ್ ಮಾಡಿ ನೋಡುತ್ತಾರೆ. ಭೇದಿ ತರುವ ಇ. ಕೋಲಿ ತಳಿಗಳನ್ನು ಗುರುತಿಸಲೂ ಮೊಲದ ಕರುಳಿನ ಪರೀಕ್ಷೆಯೇ ಮೊದಲ ದಾರಿಯಾಯಿತು. 1956ರಲ್ಲಿ ಅದನ್ನು ಆರಂಭಿಸಿದವರೂ ಡೇ ಮತ್ತು ಅವರ ಸಂಗಡಿಗರೇ. ನಮ್ಮ ವಿದ್ಯಾರ್ಥಿನಿಯ ಪ್ರಶ್ನೆಗೆ ಉತ್ತರ ಇದು: ರೋಗಾಣುವಿನ ಹೆಸರು ಗೊತ್ತಾದ ಮೇಲೆ ಅದು ಹೇಗೆ ಕೆಲಸ ಮಾಡುತ್ತದೆ ಎಂದು ಹುಡುಕಬೇಕು, ಪರೀಕ್ಷೆಯೂ ಚಿಕಿತ್ಸೆಯೂ ಹುಟ್ಟುವುದು ಅಲ್ಲಿಂದ.

ನೀಟ್ ಬರೆಯುವವರು ಬರೆಯಿರಿ. ಆದರೆ ಈ ಕೆಲಸದ ಬಾಗಿಲು ಎಂಬಿಬಿಎಸ್ ಒಂದೇ ಅಲ್ಲ. ಬಿ.ಎಸ್ಸಿ. ಮೈಕ್ರೋಬಯಾಲಜಿ ಅಥವಾ ಬಯೋಟೆಕ್ನಾಲಜಿ ಓದಿ ಎಂ.ಎಸ್ಸಿ., ಪಿಎಚ್.ಡಿ. ಮಾಡಬಹುದು. ವೈದ್ಯಕೀಯ ಪ್ರಯೋಗಾಲಯ ತಂತ್ರಜ್ಞಾನದ ಕೋರ್ಸು ಮಾಡಿದವರೇ ಆಸ್ಪತ್ರೆಗಳಲ್ಲಿ ಆ ಹಳದಿ ಕಾಲೊನಿಯನ್ನು ಮೊದಲು ನೋಡುವವರು.

ಕೊನೆಗೆ ಒಂದು ಲೆಕ್ಕ. ಮೆಡಿಕಲ್ ಶಾಪಿನಲ್ಲಿ ಸಿಗುವ, ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ ಓಆರ್‌ಎಸ್ ಪೊಟ್ಟಣದ ಹಿಂಬದಿ ಓದಿ. ಒಂದು ಲೀಟರ್ ನೀರಿಗೆ ಸೋಡಿಯಂ ಕ್ಲೋರೈಡ್ 2.6 ಗ್ರಾಂ, ಗ್ಲೂಕೋಸ್ 13.5 ಗ್ರಾಂ, ಟ್ರೈಸೋಡಿಯಂ ಸಿಟ್ರೇಟ್ ಡೈಹೈಡ್ರೇಟ್ 2.9 ಗ್ರಾಂ, ಪೊಟ್ಯಾಸಿಯಂ ಕ್ಲೋರೈಡ್ 1.5 ಗ್ರಾಂ. ಅಣುತೂಕ ಹಿಡಿದು ಗ್ಲೂಕೋಸ್ ಎಷ್ಟು ಮಿಲಿಮೋಲ್, ಒಟ್ಟು ಸೋಡಿಯಂ ಎಷ್ಟು ಮಿಲಿಮೋಲ್ ಎಂದು ಕಂಡುಹಿಡಿಯಿರಿ. ಸಿಟ್ರೇಟಿನಲ್ಲಿ ಮೂರು ಸೋಡಿಯಂ ಇರುವುದನ್ನು ಮರೆಯಬೇಡಿ. ಎರಡೂ ಸಂಖ್ಯೆ 75ರ ಹತ್ತಿರ ಬರಬೇಕು. ಬರದಿದ್ದರೆ ನೋಟ್‌ಬುಕ್ ಹಿಡಿದು ಸ್ಟಾಫ್ ರೂಮಿಗೆ ಬನ್ನಿ.