ಹಳೇ ಟಿವಿಯನ್ನು ಗುಜರಿಗೆ ಹಾಕಬಹುದೇ?

ನಿಮ್ಮ ಮೊಳಕಾಲ್ಮುರಿನ ಮನೆಯ ಡಬ್ಬಾ ಟಿವಿಯನ್ನು ಬೀದಿಯ ಗುಜರಿಯವರಿಗೆ ಕೊಡಬೇಡಿ ಎಂದೇ ನಾನು ಹೇಳುವುದು. ಅವರಿಗೆ ಬೇಕಿರುವುದು ಪಿಕ್ಚರ್ ಟ್ಯೂಬಿನ ಕುತ್ತಿಗೆಗೆ ಸುತ್ತಿದ ತಾಮ್ರದ ಸುರುಳಿ. ಅದನ್ನು ಕಿತ್ತುಕೊಂಡ ಮೇಲೆ ಗಾಜು ಹಳ್ಳಕ್ಕೋ ಬಯಲಿಗೋ ಬೀಳುತ್ತದೆ. ಆ ಗಾಜಿನಲ್ಲಿ ಸೀಸವಿದೆ. ಚೂರುಗಳ ನಡುವೆ ಆಡುವ ಮಕ್ಕಳ ಮಿದುಳಿಗೆ ಅದು ವಿಷ.

ನೀವೇ ಬಿಚ್ಚಲು ಮಾತ್ರ ಹೋಗಬೇಡಿ. ಪ್ಲಗ್ ತೆಗೆದ ಮೇಲೂ ಒಳಗೆ ಸಾವಿರಾರು ವೋಲ್ಟ್ ಉಳಿದಿರಬಹುದು. ಟ್ಯೂಬಿನೊಳಗೆ ನಿರ್ವಾತವಿರುವುದರಿಂದ ಪೆಟ್ಟು ಬಿದ್ದರೆ ಸಿಡಿಯುತ್ತದೆ.

2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮದ ಪ್ರಕಾರ ಮರುಬಳಕೆಯ ಹೊಣೆ ತಯಾರಕರದು. ಮೊದಲು ಕಂಪನಿಯ ಗ್ರಾಹಕ ಸೇವೆಗೆ ಫೋನ್ ಮಾಡಿ. ಹೊಸ ಟಿವಿಯನ್ನು ಚಳ್ಳಕೆರೆಯಲ್ಲಿ ಕೊಳ್ಳುವುದಾದರೆ ವಿನಿಮಯಕ್ಕೆ ಒತ್ತಾಯಿಸಿ, ಹಳೆಯದು ಎಲ್ಲಿಗೆ ಹೋಗುತ್ತದೆಂದು ಕೇಳಿ. ಉತ್ತರ ತಡವರಿಸಿದರೆ ಮಾಲಿನ್ಯ ನಿಯಂತ್ರಣ ಮಂಡಳಿಯಿಂದ ಅಧಿಕೃತ ಮರುಬಳಕೆದಾರರ ಪಟ್ಟಿ ಪಡೆಯಿರಿ. ದಾಬಸ್‌ಪೇಟೆಯ ಇ-ಪರಿಸರದಂಥ ಘಟಕಗಳು ದೂರವೇ. ಒಂದು ಟಿವಿಗಾಗಿ ಅಷ್ಟು ದೂರ ಹೋಗುವುದು ಕಷ್ಟ, ಒಪ್ಪುತ್ತೇನೆ. ಓಣಿಯ ನಾಲ್ಕೈದು ಮನೆಯವರು ಕೂಡಿ ಒಂದೇ ಗಾಡಿಯಲ್ಲಿ ಕಳಿಸಿ. ಅಲ್ಲಿಯವರೆಗೆ ಮಳೆ ತಾಗದ ಮೂಲೆಯಲ್ಲಿ, ಪರದೆ ಗೋಡೆಗೆ ಮುಖಮಾಡಿ ಇಡಿ.