ಎರಡನೆಯವನು ಯಾಕೆ ಒಪ್ಪಿದ?

ಹೊಸ ಶಾಂಪೂ ಪೇಟೆಗೆ ಬಂದರೆ ಯಾರು ಮುಗಿಬಿದ್ದು ಕೊಳ್ಳುತ್ತಾರೆ, ಯಾರು ಪಕ್ಕದ ಮನೆಯವರನ್ನು ಕೇಳಿ ಕೊಳ್ಳುತ್ತಾರೆ, ಯಾರು ಕೊನೆಯವರೆಗೂ ಮೂಗು ಮುರಿಯುತ್ತಾರೆ ಎಂದು ಲೆಕ್ಕ ಹಾಕುವುದೇ ಬೆಂಗಳೂರಿನಲ್ಲಿ ನನ್ನ ಹೊಟ್ಟೆಪಾಡು. ಮಾರ್ಕೆಟಿಂಗ್‌ನವರೆಲ್ಲ ಉರು ಹೊಡೆದಿರುವ ಈ ಲೆಕ್ಕ ಹುಟ್ಟಿದ್ದು ಪೇಟೆಯಲ್ಲಲ್ಲ, ಹೊಲದಲ್ಲಿ. ಅಮೆರಿಕದ ಅಯೋವಾದಲ್ಲಿ ಹೈಬ್ರಿಡ್ ಗೋವಿನಜೋಳದ ಬೀಜವನ್ನು ರೈತರು ಹೇಗೆ ಒಪ್ಪಿಕೊಂಡರು ಎಂದು ರಯಾನ್ ಮತ್ತು ಗ್ರಾಸ್ ಎಂಬಿಬ್ಬರು 1943ರಲ್ಲಿ ಅಧ್ಯಯನ ಪ್ರಕಟಿಸಿದರು. ಆ ದಾರಿಯಲ್ಲೇ ಮುಂದೆ ಹೋದ ಎವೆರೆಟ್ ರೋಜರ್ಸ್ 1962ರಲ್ಲಿ ‘ಡಿಫ್ಯೂಷನ್ ಆಫ್ ಇನ್ನೋವೇಶನ್ಸ್’ ಬರೆದ. ರೋಜರ್ಸ್ ಅಯೋವಾದ ರೈತನ ಮಗ. ಅವನ ಅಪ್ಪನಿಗೆ ಹೊಸ ಯಂತ್ರವೆಂದರೆ ಪ್ರಾಣ, ಹೊಸ ಬೀಜವೆಂದರೆ ಮಾತ್ರ ಅನುಮಾನ. 1936ರ ಬರದಲ್ಲಿ ಪಕ್ಕದವನ ಹೈಬ್ರಿಡ್ ಬೆಳೆ ನಿಂತಿತು, ಇವರದ್ದು ಬಾಡಿತು.

ಇದನ್ನು ಓದುವಾಗ ನನಗೆ ನಗು ಬಂತು. ಶಿರಸಿ ಕಡೆಯ ಭೈರುಂಬೆಯ ನಮ್ಮ ಅಪ್ಪಯ್ಯನದೂ ಇದೇ ಸ್ವಭಾವ. ಅಡಿಕೆ ಸುಲಿಯುವ ಯಂತ್ರ ಎಲ್ಲೋ ಬಂದಿದೆ ಎಂದರೆ ಬಸ್ಸು ಹತ್ತಿ ನೋಡಿಬರುವವ, ಹೊಸ ತಳಿಯ ಸಸಿ ಎಂದರೆ “ಮೊದ್ಲು ಅವ್ರ ತೋಟದಲ್ಲಿ ಫಲ ಬರ್ಲಿ, ನೋಡನ” ಅನ್ನುವವ. ಹಟ ಎಂದುಕೊಳ್ಳಬಹುದು, ಆದರೆ ಅದರ ಹಿಂದೆ ಲೆಕ್ಕವಿದೆ. ಯಂತ್ರ ಕೈಕೊಟ್ಟರೆ ಅರ್ಧ ಬೆಲೆಗಾದರೂ ಮಾರಬಹುದು. ಅಡಿಕೆ ಸಸಿ ಫಲಕ್ಕೆ ಬರಲು ಐದಾರು ವರ್ಷ ಬೇಕು, ಕೈಕೊಟ್ಟಿತು ಎಂದು ತಿಳಿಯುವ ಹೊತ್ತಿಗೆ ಆ ವರ್ಷಗಳು ಹೋಗಿರುತ್ತವೆ.

ಹೊಸತನದ ಬಗ್ಗೆ ಕನ್ನಡದಲ್ಲೊಂದು ಪುಸ್ತಕ ಬರೆಯಬೇಕೆಂಬ ಆಸೆ ಬಲಿತದ್ದು ಅಲ್ಲಿಂದ. ಈ ವಿಷಯದ ಇಂಗ್ಲಿಷ್ ಪುಸ್ತಕಗಳಲ್ಲಿ ಯಾವಾಗಲೂ ಒಬ್ಬ ವೀರ, ಒಂದು ಗ್ಯಾರೇಜು, ಒಂದು ರಾತ್ರಿ. ನನಗೆ ಮೊದಲಿಗನಿಗಿಂತ ಎರಡನೆಯವನ ಮೇಲೆ ಕುತೂಹಲ. ಮೊದಲಿಗ ಹುಚ್ಚನೂ ಇರಬಹುದು, ದುಡ್ಡಿದ್ದವನೂ ಇರಬಹುದು. ಹುಚ್ಚೂ ಇಲ್ಲದ, ದುಡ್ಡೂ ಇಲ್ಲದ ಎರಡನೆಯವನು ಯಾಕೆ ಒಪ್ಪಿದ?

ಪುಸ್ತಕದಲ್ಲಿ ಹೆಚ್ಚು ಪುಟ ತಿಂದದ್ದು ಅಡಿಕೆಗೆ ಹೊಡೆಯುವ ಕೊಳೆ ಔಷಧಿಯ ಅಧ್ಯಾಯ. ಫ್ರಾನ್ಸಿನ ಬೋರ್ಡೋ ಸೀಮೆಯಲ್ಲಿ ದಾರಿಹೋಕರು ದ್ರಾಕ್ಷಿ ಕದಿಯದಿರಲಿ ಎಂದು ರಸ್ತೆ ಬದಿಯ ಬಳ್ಳಿಗಳಿಗೆ ಮೈಲುತುತ್ತ, ಸುಣ್ಣ ಕಲಸಿ ಬಳಿಯುತ್ತಿದ್ದರು. ಆ ಬಳ್ಳಿಗಳಿಗೆ ಮಾತ್ರ ಬೂಜುರೋಗ ತಾಗಿಲ್ಲ ಎಂಬುದನ್ನು ಮಿಲಾರ್ಡೆ ಎಂಬ ಪ್ರಾಧ್ಯಾಪಕ ಗಮನಿಸಿ 1885ರಲ್ಲಿ ಪ್ರಕಟಿಸಿದ. ಮೈಸೂರು ಸಂಸ್ಥಾನಕ್ಕೆ 1908ರಲ್ಲಿ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್, ಮಲೆನಾಡಿನ ಅಡಿಕೆ ಕೊಳೆರೋಗದ ಮೂಲ ಹುಡುಕಿ, ಇದೇ ದ್ರಾವಣವನ್ನು ಅಲ್ಲಿನ ಅಡಿಕೆ ಕೊನೆಗಳಿಗೆ ಹೊಡೆಸಿದರು. ರೋಗದ ಕುರಿತ ಅವರ ವರದಿ 1910ರದ್ದು. ಕಳ್ಳರಿಗೆಂದು ಬಳಿದದ್ದು ರೋಗಕ್ಕೆ ಮದ್ದಾಯಿತು. ಯಾವ ಜಾಹೀರಾತು ಏಜೆನ್ಸಿಗೂ ಇಂಥ ಕಥೆ ಹೊಳೆಯದು.

ಆದರೆ ನನ್ನ ಪ್ರಶ್ನೆ ಅದಲ್ಲವಲ್ಲ. ಔಷಧಿ ಬರುವ ಮೊದಲು, ಮಳೆಗಾಲಕ್ಕೆ ಮುಂಚೆ ಕೊನೆಗೌಡ ಮರ ಹತ್ತಿ ಪ್ರತಿ ಕೊನೆಗೂ ಮಳೆ ತಾಗದಂತೆ ಕೊಟ್ಟೆ ಕಟ್ಟುತ್ತಿದ್ದ. ಔಷಧಿ ಬಂದ ಮೇಲೂ ಅದೇ ಮರ, ಅದೇ ಕಾಲ, ಅದೇ ಗೌಡ. ಮೇಲೆ ಒಯ್ಯುವ ಸಾಮಾನು ಮಾತ್ರ ಬೇರೆ. ಅವನ ವಿದ್ಯೆಯನ್ನು ಯಾರೂ ಕಸಿಯಲಿಲ್ಲ. ಮೇಲಾಗಿ ಮನೆಯವರೇ ಅಂಗಳದಲ್ಲಿ ಪರೀಕ್ಷೆ ಮಾಡಬಹುದಿತ್ತು. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಹೊಳೆಯುವ ಚಾಕು ಅದ್ದಿ ತೆಗೆದಾಗ ಅಲಗಿನ ಮೇಲೆ ಕೆಂಪು ಕೂತರೆ ಸುಣ್ಣ ಸಾಲದು. ನಂಬಿಕೆ ಬೇಕಿಲ್ಲ, ಚಾಕು ಸಾಕು.

ಇನ್ನೊಂದು ಸಂಗತಿ. ಕೋಲ್ಮನ್ ಕೆಲಸ ಮಾಡಿದ್ದು ಮೈಸೂರಿನಲ್ಲಿ, ನಮ್ಮ ಶಿರಸಿ, ಸಿದ್ದಾಪುರ, ಯಲ್ಲಾಪುರ ಆಗ ಮುಂಬಯಿ ಪ್ರಾಂತದಲ್ಲಿ. ನಾನು ಮಾತಾಡಿಸಿದ ಹಿರಿಯರ ಬಾಯಲ್ಲಿ ಯಾವ ಇಲಾಖೆಯ ಹೆಸರೂ ಬರಲಿಲ್ಲ. ಮೈಸೂರಿಗೆ ಸೇರಿದ್ದ ಸಾಗರದ ಕಡೆ ಭಾವನ ಮನೆಗೆ ಹೋದಾಗ ತೋಟದಲ್ಲಿ ನೋಡಿದ್ದು, ಅಕ್ಕನ ಮನೆಯಿಂದ ತಿಳಿದದ್ದು ಎಂದೇ ಅವರ ತಲೆಮಾರಿನ ನೆನಪು. ಸರ್ಕಾರ ಎರಡಿದ್ದರೂ ನೆಂಟಸ್ತಿಕೆ ಒಂದೇ ಇತ್ತು.

ಈ ಮಾತು ಹೊರಡಿಸುವುದನ್ನೂ ಕಲಿಯಬೇಕಾಯಿತು. “ಯಾಕೆ ಬದಲಾಯಿಸಿದಿರಿ?” ಎಂದರೆ ಜನ ಭಾಷಣಕ್ಕೆ ಇಳಿಯುತ್ತಾರೆ. “ಮೊದಲು ಯಾರ ತೋಟದಲ್ಲಿ ನೋಡಿದ್ದು?” ಎಂದರೆ ಕಥೆ ಬರುತ್ತದೆ. ಅದೂ ರಾತ್ರಿ ಅಡಿಕೆ ಸುಲಿಯುವಲ್ಲಿ, ಎದುರಿಗೆ ಮೆಟ್ಟುಗತ್ತಿ ಹಾಕಿಕೊಂಡು ನಾವೂ ಕೂತರೆ. ಪ್ರಶ್ನಾವಳಿ ಹಿಡಿದವರ ಜೊತೆ ಕೈ ಬಿಡುವಿಲ್ಲದವರು ಮಾತಾಡುವುದಿಲ್ಲ.

ಕೊಳೆ ಔಷಧಿಯ ಎದುರು ನಾನು ಇಟ್ಟದ್ದು ಈಗಿನ ಕಾರ್ಬನ್ ಫೈಬರ್ ದೋಟಿಯನ್ನು. ನೆಲದ ಮೇಲೆ ನಿಂತೇ ಕೊನೆ ಕೊಯ್ಯಬಹುದು, ಔಷಧಿಯನ್ನೂ ಹೊಡೆಯಬಹುದು. ಮರ ಹತ್ತುವವರು ಸಿಗದ ಕಾಲಕ್ಕೆ ಇದು ದೊಡ್ಡ ಉಪಕಾರ. ಆದರೆ ಕೊಳ್ಳುವವ ತೋಟದ ಯಜಮಾನ, ದಿನವಿಡೀ ಮೇಲೆ ನೋಡುತ್ತ ನಿಲ್ಲುವ ಕತ್ತು ಇನ್ನೊಬ್ಬನದು. ಮರದಿಂದ ಮರಕ್ಕೆ ಜೋಲಿ ಹೊಡೆದು ದಾಟುವ ಗೌಡನಿಗೆ ಇಲ್ಲಿ ಮತ್ತೆ ಮೊದಲನೇ ಇಯತ್ತೆ. ಹೊಸಬರು ಬೇಗ ಕಲಿಯುತ್ತಾರೆ, ನುರಿತವರು ದೂರ ನಿಂತು ನೋಡುತ್ತಾರೆ. ಹಣ ಕೊಡುವವನನ್ನು ಮಾತ್ರ ಗ್ರಾಹಕ ಎಂದು ಲೆಕ್ಕ ಹಿಡಿಯುವ ನಮ್ಮ ಕಸುಬಿನವರು ಒಂದು ದಿನ ದೋಟಿ ಹಿಡಿದು ನೋಡಬೇಕು.

‘ಶಿರಸಿ ಸುಪಾರಿ’ಗೆ 2019ರಲ್ಲಿ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಸಿಕ್ಕಿದ್ದು ಮಾರ್ಕೆಟಿಂಗ್‌ನವನಾದ ನನಗೆ ಹಬ್ಬದಂಥ ವಿಷಯ ಎಂದು ಗೆಳೆಯರ ಊಹೆ. ಅದಕ್ಕೆ ಅರ್ಜಿ ಹಾಕಿದ ತೋಟಗಾರ್ಸ್ ಸೇಲ್ ಸೊಸೈಟಿ, ಅಂದರೆ ಟಿಎಸ್ಎಸ್, ಹುಟ್ಟಿದ್ದು 1923ರಲ್ಲಿ. ನನ್ನ ಕಣ್ಣಿಗೆ ಜಿಐಗಿಂತ ದೊಡ್ಡ ಹೊಸತು ಆ ಟಿಎಸ್ಎಸ್‌ನ ಅಂಗಳವೇ. ಬೆಳೆಗಾರನ ಚಾಲಿ, ರಾಶಿ, ಬೆಟ್ಟೆ ಅಡಿಕೆಗಳು ಬೇರೆ ಬೇರೆಯಾಗಿ ಕೂತಿರುತ್ತವೆ, ವ್ಯಾಪಾರಿಗಳು ನೋಡಿ ಟೆಂಡರ್ ಬರೆಯುತ್ತಾರೆ, ಹೆಚ್ಚು ಬರೆದವನಿಗೆ ಮಾಲು. ಯಂತ್ರವಿಲ್ಲ, ಪೇಟೆಂಟಿಲ್ಲ. ಪುಸ್ತಕದಲ್ಲಿ ಇದಕ್ಕೆ ಜಾಗ ಕೊಟ್ಟದ್ದು ಕಡಿಮೆಯೇ ಆಯಿತು, ಬೇರೆ ಪುಸ್ತಕಕ್ಕೆ ಸರಕು ಅದು.

ಬರವಣಿಗೆಯ ಮೇಷ್ಟರೆಂದರೆ ಪುತ್ತೂರಿನ ‘ಅಡಿಕೆ ಪತ್ರಿಕೆ’. 1988ರಿಂದ ಕೃಷಿಕರ ಕೈಗೇ ಲೇಖನಿ ಕೊಟ್ಟ ಪತ್ರಿಕೆ ಅದು. ಅದರ ಹಳೆಯ ಸಂಚಿಕೆಗಳನ್ನು ಪಕ್ಕಕ್ಕಿಟ್ಟುಕೊಂಡರೆ ನನ್ನ ವಾಕ್ಯಗಳ ಬಣ್ಣ ತಾನಾಗಿ ಇಳಿಯುತ್ತಿತ್ತು. ಉಳಿದದ್ದನ್ನು ಆಯಿ ಇಳಿಸಿದಳು. ಕರಡು ಓದಿ ಮುಗಿಸಿ ಅವಳು ಕೇಳಿದ್ದು ಒಂದೇ: “ಖರ್ಚೆಷ್ಟು ಬತ್ತು ಹೇಳಿ ಬರದ್ದೇ ಇಲ್ಯಲಾ ತಮಾ?” ಈಗ ಪ್ರತಿ ಅಧ್ಯಾಯದಲ್ಲೂ ಖರ್ಚಿದೆ. ಕೊಂಡು, ಬಳಸಿ, ಅಟ್ಟಕ್ಕೆ ಹಾಕಿದ ಸಾಮಾನುಗಳದ್ದೇ ಒಂದು ಅಧ್ಯಾಯವೂ ಇದೆ. ಬಿಡಿ ಎಂದ ಪ್ರಕಾಶಕರು ಅದನ್ನು ಓದಿದ ಮೇಲೆ ಸುಮ್ಮನಾದರು.

ಬಿಡುಗಡೆ ನವೆಂಬರಿನಲ್ಲಿ ಆಗಲಿ ಎಂಬುದು ಅವರ ಬಯಕೆ, ರಾಜ್ಯೋತ್ಸವದ ತಿಂಗಳು ಮಾರಾಟ ಚೆನ್ನ. ಕೊನೆಕೊಯ್ಲಿನ ಹೊತ್ತಿಗೆ ನಮ್ಮೂರಲ್ಲಿ ಯಾರೂ ಪುಸ್ತಕ ಮುಟ್ಟುವುದಿಲ್ಲ ಎಂದೆ. ಮೊದಲ ಸಲದ ಔಷಧಿ ಹೊಡೆದು ಮುಗಿದು, ಆಷಾಢದ ಮಳೆ ಹಿಡಿದ ಮೇಲೆ ಎಂದು ನಿಗದಿಯಾಗಿದೆ. ಊರ ಸೊಸೈಟಿಯವರು ಮೈಲುತುತ್ತದ ಚೀಲಗಳ ಪಕ್ಕ ಹತ್ತು ಪ್ರತಿ ಇಟ್ಟುಕೊಳ್ಳಲು ಒಪ್ಪಿದ್ದಾರೆ. ಹನ್ನೊಂದನೆಯದು ಬೇಕಾದರೆ ಫೋನ್ ಮಾಡುತ್ತಾರಂತೆ.