ಹುಕ್ಕೇರಿಯ ದೀಪ ಯಾರದು?



ಗೋಕಾಕದ ಜಲಪಾತವನ್ನು ನೋಡದವರು ನಮ್ಮ ಸೀಮೆಯಲ್ಲಿ ಸ್ವಲ್ಪ ಜನರೇ ಇರುವರು. ಮಳೆಗಾಲದಲ್ಲಿ ಘಟಪ್ರಭೆಯು ಕೆಂಪು ನೀರು ತುಂಬಿಕೊಂಡು ಸುಮಾರು 52 ಮೀಟರು ಕೆಳಗಿನ ಕಮರಿಗೆ ಬೀಳುವಾಗ, ನೋಡಬಂದವರು ಬುತ್ತಿ ಬಿಚ್ಚಿ ಉಂಡು, ತೂಗುಸೇತುವೆಯ ಮೇಲೆ ನಡೆದಾಡಿ, ಕರದಂಟು ಕಟ್ಟಿಸಿಕೊಂಡು ಮನೆಗೆ ಹಿಂತಿರುಗುವರು. ಆದರೆ ಆ ನೀರಿನ ಬಲವು ಯಾರ ಕೆಲಸಕ್ಕೆ ಹೋಯಿತೆಂದು ಕೇಳುವವರು ವಿರಳ. ಈ ತಿಂಗಳಿನ ಪಾಠವನ್ನು ನಾವು ಆ ಪ್ರಶ್ನೆಯಿಂದಲೇ ಆರಂಭಿಸುತ್ತೇವೆ.

1885ರಲ್ಲಿ ಈ ಜಲಪಾತದ ಬಲವನ್ನು ಉಪಯೋಗಿಸುವದಕ್ಕಾಗಿ ಒಂದು ಕಂಪನಿ ಹುಟ್ಟಿತು. 1887ರಲ್ಲಿ ಅದರ ನೂಲಿನ ಗಿರಣಿ ನಡೆಯಲಾರಂಭಿಸಿತು. ಕಮರಿಯಲ್ಲಿ ಇಟ್ಟ ಚಕ್ರಗಳನ್ನು ನೀರು ತಿರುಗಿಸಿತು, ಆ ಚಕ್ರಗಳು ಗಿರಣಿಯ ಕದಿರುಗಳನ್ನು ತಿರುಗಿಸಿದವು. ದಕ್ಷಿಣದಲ್ಲಿ ಮೈಸೂರು ಸಂಸ್ಥಾನದವರು 1902ರಲ್ಲಿ ಶಿವನಸಮುದ್ರದ ಬಳಿ ಕಾವೇರಿಯ ನೀರಿನಿಂದ ವಿದ್ಯುತ್ತನ್ನು ಹುಟ್ಟಿಸಿದಾಗಲೂ ಅದು ಮೊದಲು ಹೋದದ್ದು ಕೋಲಾರದ ಚಿನ್ನದ ಗಣಿಗಳಿಗೆ. ಬೆಂಗಳೂರಿನ ಬೀದಿಗಳಿಗೆ ಬೆಳಕು ಬಂದದ್ದು 1905ರಲ್ಲಿ. ಗಿರಣಿಯಿಂದಲೂ ಗಣಿಯಿಂದಲೂ ಅನೇಕರಿಗೆ ಕೂಲಿ ಸಿಕ್ಕಿತು, ಇದನ್ನು ನಾವು ಅಲ್ಲಗಳೆಯಲಾರೆವು. ಆದರೂ ಬಲವನ್ನು ಕೊಳ್ಳತಕ್ಕವರು ಎಲ್ಲಿದ್ದರೋ ಅಲ್ಲಿಗೇ ಬಲವು ಹೋಯಿತು. ಜಲಪಾತದ ಸಪ್ಪಳ ಕೇಳುವಷ್ಟು ಹತ್ತಿರದ ಹಳ್ಳಿಗಳಲ್ಲಿ ಬಹು ವರುಷ ಎಣ್ಣೆಯ ಚಿಮಣಿಯೇ ಉರಿಯಿತು. ಊರೊಳಗೆ ಕಂಬ ಬಂದ ಮೇಲೆಯೂ ನಮ್ಮವರ ಕೇರಿಗೆ ತಂತಿ ಬಂದದ್ದು ಎಲ್ಲರಿಗಿಂತ ಕಡೆಯಲ್ಲಿ ಎಂದು ನಮ್ಮ ತಂದೆಯವರು ಹೇಳುತ್ತಿದ್ದರು. ಹಾಗಾದರೆ ಕೊಳ್ಳುವ ಶಕ್ತಿಯಿಲ್ಲದ ಬಡವರು ಇಂಥ ದೊಡ್ಡ ವಸ್ತುವನ್ನು ಪಡೆಯುವದು ಹೇಗೆ?

ಒಬ್ಬನಿಂದಾಗದ್ದು ಹತ್ತು ಮಂದಿ ಕೂಡಿದರೆ ಆಗುವದು ಎಂಬ ಉತ್ತರ ನಮ್ಮ ಕಡೆಯಿಂದಲೇ ಬಂದಿತ್ತು. ಸರಕಾರದವರು 1904ರಲ್ಲಿ ಸಹಕಾರಿ ಸಂಘಗಳ ಕಾಯಿದೆಯನ್ನು ಮಾಡಿದರು. ಮರುವರುಷವೇ ಗದಗಿನ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ರೈತರನ್ನು ಕೂಡಿಸಿ ಸಾಲದ ಸಂಘವನ್ನು ಕಟ್ಟಿದರು. ಹಿಂದೂಸ್ಥಾನದ ಸಹಕಾರ ಚಳವಳಿಯು ಆ ಸಂಘವನ್ನೇ ತನ್ನ ಮೊದಲ ಮೆಟ್ಟಲೆಂದು ಎಣಿಸುತ್ತದೆ. ಸಾಲಕ್ಕೆ, ಬೀಜಕ್ಕೆ, ಮುಂದೆ ಸಕ್ಕರೆಗೆ ಸಂಘಗಳಾದವು. ಹುಕ್ಕೇರಿ ತಾಲೂಕಿನ ಸಂಕೇಶ್ವರದಲ್ಲಿರುವ ಹಿರಣ್ಯಕೇಶಿ ಸಹಕಾರಿ ಸಕ್ಕರೆ ಕಾರಖಾನೆಯನ್ನು ನೀವೆಲ್ಲರೂ ಬಲ್ಲಿರಿ. ಆದರೆ ಬೆಳಕಿಗಾಗಿ ಸಂಘವೆಂಬದು ಹೊಸ ಮಾತು.

ಅದು ಬಂದ ಬಗೆ ಹೀಗೆ. 1965ರಿಂದ ಎರಡು ವರುಷ ದೇಶದ ಬಹು ಭಾಗಗಳಲ್ಲಿ ಮಳೆ ತಪ್ಪಿ ಕಾಳಿಗೆ ಕೊರತೆ ಬಿತ್ತು. ಬಾವಿಗಳಿಗೆ ಪಂಪು ಕೂಡಿಸಿದರೆ ಮಾತ್ರ ಬೆಳೆ ಉಳಿಯುವದು, ಪಂಪಿಗೆ ವಿದ್ಯುತ್ತು ಬೇಕು ಎಂದು ಯೋಚಿಸಿ, 1969ರಲ್ಲಿ ಕೇಂದ್ರ ಸರಕಾರವು ಗ್ರಾಮೀಣ ವಿದ್ಯುದೀಕರಣ ನಿಗಮವನ್ನು ಸ್ಥಾಪಿಸಿತು. ಅಮೇರಿಕದಿಂದ ಬಂದ ಗೋಧಿಯನ್ನು ಇಲ್ಲಿ ಮಾರಿ ಕೂಡಿದ್ದ ರೂಪಾಯಿಗಳಲ್ಲಿ ಒಂದು ಪಾಲು ಈ ಕೆಲಸಕ್ಕೆ ಮೂಲಧನವಾಯಿತು. ಅಮೇರಿಕದ ಹಳ್ಳಿಗಳಲ್ಲಿ ರೈತರೇ ಸಂಘ ಕಟ್ಟಿ ತಂತಿ ಎಳೆದುಕೊಂಡಿದ್ದ ಮಾದರಿಯನ್ನು ಇಲ್ಲಿಯೂ ಪರೀಕ್ಷಿಸಬೇಕೆಂದು ಐದು ಸ್ಥಳಗಳನ್ನು ಆರಿಸಿದರು: ಗುಜರಾತದ ಕೋಡಿನಾರ, ಮಹಾರಾಷ್ಟ್ರದ ಮುಳಾ-ಪ್ರವರಾ, ಆಂಧ್ರದ ಸಿರಿಸಿಲ್ಲ, ಉತ್ತರ ಪ್ರದೇಶದ ಲಖನೌ, ಮತ್ತು ಆಗಿನ ಮೈಸೂರು ರಾಜ್ಯದಲ್ಲಿ ನಮ್ಮ ಹುಕ್ಕೇರಿ.

ಈ ಐದರ ಗತಿ ಏನಾಯಿತೆಂಬದನ್ನು ಲಕ್ಷ್ಯವಿಟ್ಟು ಓದಿರಿ. ಕೋಡಿನಾರದ ಸಂಘವೂ ಲಖನೌದ ಸಂಘವೂ ಈಗ ಇಲ್ಲ. ಮುಳಾ-ಪ್ರವರಾ ಸಂಘವು ಬಹು ದೊಡ್ಡದಾಗಿತ್ತು. ಆದರೆ ಕಬ್ಬಿನ ಸೀಮೆಯಾದ ಅಲ್ಲಿ ಪಂಪುಗಳಿಗೆ ಕೊಟ್ಟ ವಿದ್ಯುತ್ತಿನಿಂದ ಬಂದ ಹಣ ಕಡಿಮೆ, ವಿದ್ಯುತ್ತನ್ನು ಮಾರಿದ ಮಂಡಳಿಗೆ ಕೊಡತಕ್ಕ ಹಣ ಹೆಚ್ಚು. ಬಾಕಿಯು ವರುಷದಿಂದ ವರುಷಕ್ಕೆ ಬೆಳೆದು 2011ರಲ್ಲಿ ಅದರ ಕೈಯಿಂದ ವಿತರಣೆಯ ಅಧಿಕಾರವೇ ಹೋಯಿತು. ಸಿರಿಸಿಲ್ಲವೂ ಹುಕ್ಕೇರಿಯೂ ಉಳಿದವು. ಕರ್ನಾಟಕದಲ್ಲಿ ಇಂಥ ವಿದ್ಯುತ್ ಸಹಕಾರಿ ಸಂಘವು ಇದೊಂದೇ. ಗೋಕಾಕದವರಿಗೂ ಮೂಡಲಗಿಯವರಿಗೂ ವಿದ್ಯುತ್ತು ಕೊಡುವದು ಹುಬ್ಬಳ್ಳಿಯ ಸರಕಾರಿ ಕಂಪನಿಯಾದ ಹೆಸ್ಕಾಂ. ತಾಲೂಕಿನ ಗಡಿ ದಾಟಿ ಹುಕ್ಕೇರಿಗೆ ಬಂದರೆ ಅದೇ ತರದ ಕಂಬ, ಅದೇ ತರದ ತಂತಿ. ಆದರೆ ಯಜಮಾನನು ಬೇರೆ. ಯಜಮಾನನು ಯಾರು? ಅಲ್ಲಿಯ ಸದಸ್ಯರೇ.

ಇದನ್ನು ಕೇಳಿ ಕೆಲವರು ನಗುವರು. "ನಮ್ಮದಂತ ಹೇಳೂದು ಬಾಯಿಮಾತ್ರೀ, ಅಲ್ಲಿ ದೊಡ್ಡವರ ಕಾರಭಾರ ನಡದೈತಿ" ಎಂದು ಒಬ್ಬ ಸಹೋದರನು ನಮಗೆ ಹೇಳಿದನು. ಅವನ ಮಾತು ಪೂರಾ ಸುಳ್ಳೆಂದು ನಾವು ಹೇಳುವದಿಲ್ಲ. ಸಂಘದ ಚುನಾವಣೆ ಬಂದಾಗ ದೊಡ್ಡ ಮನೆತನಗಳ ಪೈಪೋಟಿಯನ್ನು ಇಡೀ ಜಿಲ್ಲೆಯೇ ನೋಡುತ್ತದೆ. ಆದರೆ ನಾವು ಅವನನ್ನು ಕೇಳಿದೆವು: "ನೀನು ಎಷ್ಟು ವಾರ್ಷಿಕ ಸಭೆಗೆ ಹೋಗಿರುವಿ?" ಒಂದಕ್ಕೂ ಹೋಗಿರಲಿಲ್ಲ.

ಸಹಕಾರಿ ಸಂಘಕ್ಕೂ ಕಂಪನಿಗೂ ಇರುವ ಮುಖ್ಯ ಭೇದವನ್ನು ಇಲ್ಲಿ ತಿಳುಕೊಳ್ಳಬೇಕು. ಕಂಪನಿಯಲ್ಲಿ ನೂರು ಪಾಲು ಉಳ್ಳವನಿಗೆ ನೂರು ಮತ. ಸಂಘದಲ್ಲಿ ಹತ್ತು ಅಶ್ವಶಕ್ತಿಯ ಪಂಪು ಇಟ್ಟ ಗೌಡನಿಗೂ, ಭಾಗ್ಯಜ್ಯೋತಿಯ ಒಂದೇ ದೀಪ ಹಚ್ಚುವ ಕೂಲಿಯವಳಿಗೂ ಒಂದೊಂದೇ ಮತ. ಬಾವಿಯ ನೀರು ಮುಟ್ಟಲಿಕ್ಕೂ ಸ್ವಾತಂತ್ರ್ಯವಿಲ್ಲದ ಜನರ ಮಕ್ಕಳು ನಾವು; ಸಮನಾದ ಒಂದು ಮತವೆಂಬದು ನಮ್ಮ ಅಜ್ಜಂದಿರಿಗೆ ಕನಸಿನಲ್ಲಿಯೂ ಇರಲಿಲ್ಲ. ಅದು ಕೈಯಲ್ಲಿದ್ದೂ ಅದನ್ನು ಗೂಟಕ್ಕೆ ತೂಗಹಾಕಿ, ದೊಡ್ಡವರ ಕಾರಭಾರವೆಂದು ಮಾತಾಡುವದು ನಮಗೆ ಸರಿ ಕಾಣುವದಿಲ್ಲ.

ಇನ್ನು ಸಂಘವು ಬದುಕುವ ಬಗೆ. ಅದು ತಾನಾಗಿ ವಿದ್ಯುತ್ತನ್ನು ಹುಟ್ಟಿಸುವದಿಲ್ಲ. ಸಗಟಾಗಿ ಕೊಂಡು ಚಿಲ್ಲರೆಯಾಗಿ ಕೊಡುತ್ತದೆ. ಒಬ್ಬಳು ಹಾಲಿನವಳು ನೂರು ಸೇರು ಹಾಲು ಕೊಂಡಳೆನ್ನಿರಿ. ದಾರಿಯಲ್ಲಿ ಗಡಿಗೆ ಸೋರಿ ಎಂಟು ಸೇರು ಹೋಯಿತು, ಯಾರೋ ಕದ್ದು ಏಳು ಸೇರು ಕುಡಿದರು. ಉಳಿದ 85 ಸೇರಿನ ಹಣದಿಂದ ಅವಳು ನೂರು ಸೇರಿನ ಬೆಲೆ ಕೊಡಬೇಕು. ವಿದ್ಯುತ್ತಿನಲ್ಲಿಯೂ ಹಾಗೆಯೇ. ಉದ್ದವಾದ ಹಳೇ ತಂತಿಗಳಲ್ಲಿ ಕಾವಾಗಿ ಹೋಗುವದು ಸೋರಿಕೆ. ರಾತ್ರಿ ತಂತಿಗೆ ಕೊಕ್ಕೆ ಹಾಕಿ ಪಂಪು ನಡಿಸುವದು ಕಳವು. ಕಂಪನಿಯ ತಂತಿಗೆ ಕೊಕ್ಕೆ ಹಾಕುವವನು ತಾನು ಸರಕಾರದ್ದನ್ನು ಕದ್ದೆನೆಂದು ಸಮಾಧಾನ ಮಾಡಿಕೊಳ್ಳಬಹುದು, ಅದೂ ಪಾಪವೇ. ಹುಕ್ಕೇರಿಯಲ್ಲಿ ಕೊಕ್ಕೆ ಹಾಕುವವನು ನೆರೆಮನೆಯ ವಿಧವೆಯ ಗಡಿಗೆಯಲ್ಲಿ ಕೈ ಇಡುತ್ತಾನೆ.

ದರವನ್ನು ಸಂಘದ ಆಡಳಿತ ಮಂಡಳಿ ಮನಸ್ಸಿಗೆ ಬಂದಂತೆ ಏರಿಸಲಾರದು. 1999ರಲ್ಲಿ ಸ್ಥಾಪಿತವಾದ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗವು ಹುಕ್ಕೇರಿ ಸಂಘದ ಲೆಕ್ಕವನ್ನು ಬೇರೆಯಾಗಿ ತರಿಸಿ ನೋಡಿ ಆಜ್ಞೆ ಕೊಡುವದು. ದರದ ಅರ್ಜಿಯನ್ನು ಪ್ರಕಟಿಸಿ ಜನರ ಆಕ್ಷೇಪಣೆಗಳನ್ನು ಕೇಳಲೇಬೇಕೆಂದು 2003ರ ವಿದ್ಯುತ್ ಕಾಯಿದೆಯಲ್ಲಿ ಉಂಟು. ಆಕ್ಷೇಪಣೆ ಬರೆಯಲಿಕ್ಕೆ ವಕೀಲನಾಗಬೇಕಿಲ್ಲ. ಕನ್ನಡದಲ್ಲಿ ಒಂದು ಕಾಗದ ಸಾಕು. ಇದಲ್ಲದೆ ಸೇವೆಯ ಮಟ್ಟದ ಕುರಿತು ಆಯೋಗವು ನಿಯಮಗಳನ್ನು ಮಾಡಿದೆ. ಹಳ್ಳಿಯಲ್ಲಿ ಟಿ.ಸಿ. ಸುಟ್ಟರೆ 72 ಗಂಟೆಯೊಳಗೆ ಬದಲಾಯಿಸಬೇಕೆಂದು 2004ರ ನಿಯಮಗಳಲ್ಲಿ ಬರೆದದೆ. ಒಂದು ಊರಲ್ಲಿ ಹನ್ನೊಂದು ದಿನ ಕತ್ತಲೆಯಲ್ಲಿ ಕೂತು, ಕಡೆಗೆ ಮನೆಮನೆಗೆ ವರಗಣಿ ಎತ್ತಿ ಯಾರಿಗೋ ಕೊಟ್ಟು ಟಿ.ಸಿ. ತಂದದ್ದನ್ನು ನಾವು ಕಣ್ಣಾರೆ ಕಂಡಿದ್ದೇವೆ. ಯಾವ ಊರೆಂದು ಹೇಳುವದಿಲ್ಲ. ಆ ಊರಲ್ಲಿ ನಿಯಮವನ್ನು ಬಲ್ಲವನು ಒಬ್ಬನೂ ಇರಲಿಲ್ಲ, ನಾವು ಸಹಾ ಆಗ ಬಲ್ಲವರಾಗಿರಲಿಲ್ಲ.

ಈಗ ಸೊನ್ನೆ ಬಿಲ್ಲಿನ ಮಾತು. ಹತ್ತು ಅಶ್ವಶಕ್ತಿಯ ವರೆಗಿನ ನೀರಾವರಿ ಪಂಪುಗಳಿಗೆ 2008ರಿಂದ ಸರಕಾರವು ಉಚಿತವಾಗಿ ವಿದ್ಯುತ್ತು ಕೊಡಿಸುತ್ತಿದೆ. 2023ರಲ್ಲಿ ಗೃಹಜ್ಯೋತಿ ಯೋಜನೆಯು ಬಂದು, ಹಿಂದಿನ ವರುಷದ ಸರಾಸರಿಯ ಮೇಲೆ ಶೇಕಡಾ ಹತ್ತು ಕೂಡಿಸಿ, 200 ಯೂನಿಟ್ಟಿಗೆ ಮೀರದಂತೆ ಮನೆಯ ದೀಪವೂ ಉಚಿತವಾಯಿತು. ಹುಕ್ಕೇರಿ ಸಂಘದ ಗ್ರಾಹಕರಿಗೂ ಅದು ಸಲ್ಲುತ್ತದೆ. ಬಡವರಿಗೆ ಇದು ದೊಡ್ಡ ಉಪಕಾರ, ಇದನ್ನು ಹಳಿಯುವವರೊಂದಿಗೆ ನಾವು ಕೂಡುವದಿಲ್ಲ. ಆದರೆ ಸೊನ್ನೆ ಬಿಲ್ಲೆಂದರೆ ಯಾರೂ ಹಣ ಕೊಡಲಿಲ್ಲವೆಂದು ಅರ್ಥವಲ್ಲ. ನಮ್ಮ ಬದಲಾಗಿ ಸರಕಾರವು ಸಂಘಕ್ಕೆ ಹಣ ಕೊಡಬೇಕು. ಆ ಹಣ ತಡವಾದರೆ ಸಂಘವು ತಾನು ಕೊಂಡ ವಿದ್ಯುತ್ತಿನ ಬೆಲೆಯನ್ನು ಎಲ್ಲಿಂದ ಕೊಡುವದು? ಬಿಲ್ಲು ಕಟ್ಟುವವನು ಲೆಕ್ಕ ಕೇಳುತ್ತಾನೆ. ಕಟ್ಟದವನು ಕೇಳುವದನ್ನು ಮರೆಯುತ್ತಾನೆ. ಇದೇ ನಮ್ಮ ಭಯ.

ಉಚಿತವಾದ ಪಂಪಿನಿಂದ ಇನ್ನೊಂದು ಪ್ರಶ್ನೆ ಏಳುವದು. ಗುಂಡಿ ಒತ್ತಿದರೆ ಬೆಲೆಯಿಲ್ಲದೆ ನೀರು ಬರುವಾಗ ಕಬ್ಬಿಗೆ ಎಷ್ಟು ನೀರು ಸಾಕೆಂದು ಎಣಿಸುವವರು ಯಾರು? ಒಬ್ಬನ ಕೊಳವೆಬಾವಿ ಆಳವಾದಂತೆ ನೆರೆಯವನ ತೆರೆದ ಬಾವಿ ಬತ್ತುವದು. ವಿದ್ಯುತ್ತಿನ ಲೆಕ್ಕವೂ ನೀರಿನ ಲೆಕ್ಕವೂ ಹೀಗೆ ಒಂದಕ್ಕೊಂದು ಹೆಣೆದುಕೊಂಡಿರುವವು. ಈ ನೀರಿನ ಲೆಕ್ಕವನ್ನು ಚೆನ್ನಾಗಿ ನೋಡಬೇಕಾದರೆ ಘಟಪ್ರಭೆಯ ಕಾಲುವೆಯ ಸೀಮೆಗೆ, ಮೂಡಲಗಿಯ ಕಡೆಗೆ, ಹೋಗಬೇಕು.

ಗೋಕಾಕ ತಾಲೂಕಿನ ಧೂಪದಾಳದಲ್ಲಿ 1897ರಲ್ಲಿಯೇ ಒಡ್ಡು ಮುಗಿದು ಎಡದಂಡೆಯ ಕಾಲುವೆ ಹರಿಯಿತು. ಮುಂದೆ ಹುಕ್ಕೇರಿ ತಾಲೂಕಿನ ಹಿಡಕಲ್ಲಿನಲ್ಲಿ ದೊಡ್ಡ ಜಲಾಶಯವಾಯಿತು. ಅದು ಮುಗಿದದ್ದು 1977ರಲ್ಲಿ, ಹಿಡಿಯುವ ನೀರು ಸುಮಾರು 51 ಟಿ.ಎಂ.ಸಿ. ಒಣಭೂಮಿಯಲ್ಲಿ ಹಸಿರು ಕಂಡಿತು. ಗೋಕಾಕದಿಂದ ಬೇರ್ಪಟ್ಟು ಈಗ ತಾನೇ ತಾಲೂಕಾಗಿರುವ ಮೂಡಲಗಿಯ ಏಳಿಗೆಗೆ ಈ ನೀರು ಬಹಳ ಮಟ್ಟಿಗೆ ಕಾರಣ. ಆದರೆ ಕಾಲುವೆಯ ತಲೆಯಲ್ಲಿರುವವನು ಬೇಕಾದಷ್ಟು ಹಾಯಿಸುವನು, ಬಾಲದಲ್ಲಿರುವವನು ಬಾಯಿ ಬಿಡುವನು. ಹೆಚ್ಚು ಹಾಯಿಸಿದವನಿಗೂ ಒಳ್ಳೇದಾಗಲಿಲ್ಲ: ಕರೀ ಎರೆಯ ಭೂಮಿಯಲ್ಲಿ ನೀರು ನಿಂತು, ಉಪ್ಪು ಮೇಲೆದ್ದು, ಹೊಲವು ಸವುಳು-ಜವುಳಾಗಿ ಬಿಳುಪೇರಿತು. ತಂದೆಯ ಕಾಲದಲ್ಲಿ ಜೋಳ ಬೆಳೆದ ಹೊಲದಲ್ಲಿ ಮಗನಿಗೆ ಆಪು ಮಾತ್ರ ಬೆಳೆಯುವದು. ಮುಂದಿನ ತಲೆಮಾರಿಗೆ ಉಳಿಯದ ಏಳಿಗೆಯು ಎಂಥ ಏಳಿಗೆ? ಇದಕ್ಕಾಗಿಯೇ ಸರಕಾರವು 2000ದಲ್ಲಿ ನೀರಾವರಿ ಕಾಯಿದೆಯನ್ನು ತಿದ್ದಿ, ನೀರು ಬಳಕೆದಾರರ ಸಹಕಾರಿ ಸಂಘಗಳಿಗೆ ಕಾಲುವೆಯ ಪಾಳಿಯನ್ನು ಹಂಚುವ, ಕರವನ್ನು ಕೂಡಿಸುವ ಅಧಿಕಾರ ಕೊಟ್ಟಿತು. ಹಲವು ಊರುಗಳಲ್ಲಿ ಇಂಥ ಸಂಘದ ಹಲಗೆಯುಂಟು, ಸಭೆಯಿಲ್ಲ. ಇಲ್ಲಿಯೂ ಹುಕ್ಕೇರಿಯ ರೋಗವೇ: ಬಾರದ ಸದಸ್ಯರು.

ಹೋದ ವರುಷ ಮಳೆಗಾಲದಲ್ಲಿ ನಾವು ಹುಕ್ಕೇರಿ ತಾಲೂಕಿನ ಒಂದು ಚಿಕ್ಕ ಸಭೆಗೆ ಹೋಗಿದ್ದೆವು. ಆರಾಧನೆ ಮುಗಿದ ಮೇಲೆ ಒಬ್ಬ ಮುದುಕಿಯು ಸೆರಗಿನ ಗಂಟಿನಿಂದ ಒಂದು ಕಾಗದವನ್ನು ತೆಗೆದು, "ಮಾಸ್ತರ್ರ, ಬಿಲ್ಲ ಸೊನ್ನಿ ಅಂತಾರ, ಮತ್ತ ಇದರಾಗ ಇಷ್ಟ ಯಾಕ ಬರದಾರ್ರಿ?" ಎಂದು ಕೇಳಿದಳು. ನಾವು ಓದಿ ಹೇಳಿದೆವು: ಇಷ್ಟು ಯೂನಿಟ್ಟು ಉರಿಯಿತು, ಇಷ್ಟು ಬೆಲೆ, ಇಷ್ಟನ್ನು ಸರಕಾರ ಕೊಡುತ್ತದೆ. ಹೆಸರಿನ ಸಾಲಿಗೆ ಬಂದಾಗ ಅವಳು ತಲೆ ತಗ್ಗಿಸಿದಳು. ಬಿಲ್ಲು ಅವಳ ಗಂಡನ ಹೆಸರಿನಲ್ಲಿತ್ತು. ಅವನು ತೀರಿ ಹೋಗಿ ಒಂಭತ್ತು ವರುಷವಾಗಿತ್ತು. ಅವನು ಸಂಘದ ಪಾಲಿನ ಹಣ ಕಟ್ಟಿದ ರಸೀತಿಯು ಪೆಟ್ಟಿಗೆಯ ತಳದಲ್ಲಿ ಸಿಕ್ಕಿತು. ಅಂದರೆ ಆ ಮನೆಯ ಮತವು ಒಂಭತ್ತು ವರುಷದಿಂದ ಸತ್ತವನ ಸಂಗಡ ಸಮಾಧಿಯಲ್ಲಿತ್ತು.

ಅಂದೇ ಸಭೆಯವರನ್ನು ಕೂಡಿಸಿ ಪ್ರತಿ ಮನೆಯ ಬಿಲ್ಲನ್ನು ತರಿಸಿ ನೋಡಿದೆವು. ಹತ್ತೊಂಭತ್ತು ಮನೆಗಳಲ್ಲಿ ಏಳು ಮನೆಗಳ ಬಿಲ್ಲು ತೀರಿಹೋದವರ ಹೆಸರಿನಲ್ಲಿ. ನಾಲ್ಕು ಮನೆಯವರು ಬಿಲ್ಲು ಬರುವದರಿಂದ ತಾವು ಸದಸ್ಯರೇ ಎಂದು ತಿಳಿದಿದ್ದರು, ಪಾಲಿನ ಹಣ ಕಟ್ಟಿದ ಗುರುತೇ ಇರಲಿಲ್ಲ. ಗ್ರಾಹಕನು ಬೇರೆ, ಸದಸ್ಯನು ಬೇರೆ: ಅರ್ಜಿ ಕೊಟ್ಟು, ಪಾಲು ಕೊಂಡು, ಸಂಘದ ಪುಸ್ತಕದಲ್ಲಿ ಹೆಸರು ಬಂದ ಮೇಲೆ ಮಾತ್ರ ಸದಸ್ಯತ್ವ. ಸದಸ್ಯನು ತೀರಿಕೊಂಡರೆ ಅವನು ಹೆಸರಿಸಿದವರಿಗೆ, ಇಲ್ಲವೆ ವಾರಸುದಾರರಿಗೆ, ಪಾಲನ್ನು ವರ್ಗಾಯಿಸಿಕೊಳ್ಳಬಹುದು. ಮರಣದ ದಾಖಲೆ, ಪಾಲಿನ ರಸೀತಿ, ವಾರಸಿನ ಕಾಗದ, ಇವುಗಳನ್ನು ಇಟ್ಟುಕೊಂಡು ಅರ್ಜಿ ಬರೆಯಬೇಕು. ವಾರ್ಷಿಕ ಸಭೆಯು ಸಾಮಾನ್ಯವಾಗಿ ಸೆಪ್ಟೆಂಬರದಲ್ಲಿ ಕೂಡುವದರಿಂದ ಈ ಕೆಲಸವನ್ನು ಬೇಸಿಗೆಯಲ್ಲಿಯೇ ಮುಗಿಸುವದು ಮೇಲು. ಸಭೆಗೆ ಬಾರದ ಸದಸ್ಯನ ಮತಾಧಿಕಾರಕ್ಕೆ ಸಹಕಾರಿ ಕಾಯಿದೆಯಿಂದ ಧಕ್ಕೆ ತಟ್ಟಬಹುದೆಂಬದನ್ನೂ ಮರೆಯಬಾರದು. ಸಭೆಯಲ್ಲಿ ಕೊಡುವ ವರದಿಯಲ್ಲಿ ಮೊದಲು ಮೂರು ಅಂಕೆಗಳನ್ನು ಹುಡುಕಿರಿ: ಕೊಂಡ ಯೂನಿಟ್ಟೆಷ್ಟು, ಮಾರಿದ ಯೂನಿಟ್ಟೆಷ್ಟು, ಸರಕಾರದಿಂದ ಬರತಕ್ಕ ಬಾಕಿ ಎಷ್ಟು. ಓದಲಿಕ್ಕೆ ಬಾರದವರು ಶಾಲೆಗೆ ಹೋಗುವ ಮಗುವನ್ನು ಮುಂಚಿನ ರಾತ್ರಿ ಕೂಡಿಸಿಕೊಂಡು ಓದಿಸಲಿ.

ಮುದುಕಿಯ ಅರ್ಜಿಯನ್ನು ನಾವೇ ಬರೆದೆವು. ಕಡೆಯಲ್ಲಿ ಹೆಬ್ಬೆಟ್ಟು ಒತ್ತಲಿಕ್ಕೆ ಮಸಿಯನ್ನು ಮುಂದಿಟ್ಟಾಗ ಅವಳು ಅದನ್ನು ಬದಿಗೆ ಸರಿಸಿ ಲೇಖಣಿಯನ್ನು ಕೇಳಿದಳು. ಅವಳ ಹೆಸರಿನಲ್ಲಿ ನಾಲ್ಕು ಅಕ್ಷರ. ಬರೆದು ಮುಗಿಸುವ ತನಕ ನಾವೆಲ್ಲರೂ ಕಾದೆವು.